ಐದರ ಸಾಲಿಗೆ ಒಂದು ಕಡಿಮೆ

ಅವತ್ತು ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಹಂಡೆ ತುಂಬಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಅವ್ವನ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ತಂದು ಮಡಚಿಟ್ಟೆ. ಸಂಜೆ ಕೌದಿಯ ತುಂಡುಗಳನ್ನು ಎಣಿಸಿದೆ.

ಎಪ್ಪತ್ತರ ದಶಕದ ಮಾತು. ಜೋರಾಪುರ ಪೇಟೆಯ ತವರಿನಲ್ಲಿ ಅವ್ವ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ತಂಗಿ ಬಸುರಿ. ಬಾಣಂತನ ತಾನೇ ಮಾಡುತ್ತೇನೆಂದು ಅವಳ ಅತ್ತೆ ಹೇಳಿ ಕಳಿಸಿದ್ದರಿಂದ ಮರುದಿನ ನಿಡೋಣಿಗೆ ಹೊರಡುವವಳಿದ್ದಳು. ಹುಟ್ಟುವ ಕೂಸಿಗೆ ಹೊದೆಯಲು ಕೌದಿಯಾಗಲೆಂದು ಅವ್ವ ತನ್ನ ಹಳೆಯ ಸೀರೆಗಳನ್ನು ಗೇಣಗಲದ ಚೌಕಗಳಾಗಿ ಕತ್ತರಿಸಿಟ್ಟಿದ್ದಳು. ಅವನ್ನು ಜೋಡಿಸಿ ಕಚ್ಚಾ ಹೊಲಿಗೆ ಹಾಕಿಕೊಟ್ಟರೆ ಉಳಿದದ್ದನ್ನು ಅಲ್ಲಿ ಹೊಲಿದುಕೊಳ್ಳುತ್ತೇನೆ ಎಂದಿದ್ದಳು ತಂಗಿ.

ಇಪ್ಪತ್ತೊಂಬತ್ತು ಇದ್ದವು. ನಾಲ್ಕರ ಸಾಲು ಹಾಕಿದರೆ ಒಂದು ಮಿಕ್ಕಿತು. ಐದರ ಸಾಲಿಗೆ ಒಂದು ಕಡಿಮೆ.

ನಮ್ಮ ಮನೆಯವರು ತಿಕೋಟಾದಲ್ಲಿ ಗಣಿತದ ಮಾಸ್ತರರು. ಆಗಷ್ಟೇ ಬಸ್ಸಿಳಿದು ಬಂದು ಚಹಾ ಕುಡಿಯುತ್ತಿದ್ದರು.

"ಅದು ಕೂಡಂಗಿಲ್ಲ ಬಿಡು. ಇಪ್ಪತ್ತೊಂಬತ್ತು ಅವಿಭಾಜ್ಯ, ಯಾವ ಸಾಲಿಗೂ ಬಗ್ಗಂಗಿಲ್ಲ. ಒಂದು ತಗದಿಡು. ಇಪ್ಪತ್ತೆಂಟು ಅಂದ್ರ ಪರಿಪೂರ್ಣ ಸಂಖ್ಯೆ. ಒಂದು, ಎರಡು, ನಾಕು, ಏಳು, ಹದಿನಾಕು. ಅದರ ಭಾಜಕ ಎಲ್ಲಾ ಕೂಡಿಸಿದ್ರ ಮತ್ತ ಇಪ್ಪತ್ತೆಂಟ ಬರ್ತೈತಿ."

"ಮಾವಾರ, ಇದು ನಿಮ್ಮ ಸಾಲಿ ಅಲ್ರಿ," ಎಂದಳು ತಂಗಿ. "ಅವ್ವಂದು ಒಂದೂ ಬಿಡಂಗಿಲ್ಲ ನಾ. ಬ್ಯಾರೆ ಅರಿವಿ ತುಂಡೂ ಹಚ್ಚಂಗಿಲ್ಲ."

ಅಷ್ಟರಲ್ಲಿ ನೆರೆಮನೆಯ ಖಾಲಾ ದಬ್ಬಣ ಕೊಡಲು ಬಂದರು. ಅವ್ವನ ಜೊತೆ ಕೂತು ಕತ್ತರಿಸಿದವರೇ ಅವರು. ಹರಡಿದ್ದನ್ನು ನೋಡಿ ಹೇಳಿದರು:

"ಲೆಕ್ಕ ತಪ್ಪಿಲ್ಲ ಬೇ. ಐದರದು ಆರು ಸಾಲು ಅಂತಿದ್ಲು ನಿಮ್ಮವ್ವ. ಮೂವತ್ತನೇದು ಹಸರ ಇಳಕಲ್ ಸೀರೀದು. ಇನ್ನಾ ಗಟ್ಟಿ ಐತಿ, ನಾಕು ದಿನ ಉಟ್ಟು ಕತ್ತರಸ್ತೀನಿ ಅಂದಿದ್ಲು."

ಆ ಹಸಿರು ಸೀರೆಯನ್ನೇ ಉಡಿಸಿ ಅವ್ವನನ್ನು ಮಣ್ಣಿಗಿಟ್ಟಿದ್ದೆವು. ಉಡಿಸಿದವಳು ನಾನು. ನಿರಿಗೆ ಹಿಡಿದವಳು ತಂಗಿ.

ನಮ್ಮವರು ಚಹಾದ ಬಸಿ ಕೆಳಗಿಟ್ಟು, "ಮೂವತ್ತರ ಭಾಜಕ ಕೂಡಿಸಿದ್ರ ನಾಲ್ವತ್ತೆರಡು. ಅದು ತುಂಬಿ ಮಿಕ್ಕೋ ಸಂಖ್ಯೆ," ಎಂದು ತಮ್ಮಷ್ಟಕ್ಕೆ ತಾವು ಹೇಳಿಕೊಂಡರು.

"ಯಾರಿಗೆ ಮಿಕ್ಕತ್ರಿ?" ಎಂದಳು ತಂಗಿ.

"ಹೊದಿಯೋ ಕೂಸಿಗೆ ಹಡದಾಕಿದೂ ಒಂದು ತುಂಡು ಬೇಕಲ್ಲ ಹುಚ್ಚಿ," ಎಂದರು ಖಾಲಾ. "ಆ ಜಾಗಾ ನಿಂದು."

ತಂಗಿ ಎದ್ದು ತನ್ನ ಹಳೆಯ ಸೀರೆಯೊಂದನ್ನು ತಂದು ಕತ್ತರಿ ನನ್ನ ಕೈಗೆ ಕೊಟ್ಟಳು. ಕತ್ತರಿಸಿದೆ. ಕೊನೆಯ ಸಾಲಿನ ಮೂಲೆಗೆ ಇಟ್ಟು ಹೊಲಿದೆವು.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ತಂಗಿ ಅರ್ಧ ರೊಟ್ಟಿ ಬಿಟ್ಟಳು. ಅದನ್ನು ನಾನು ತಿಂದೆ. ಮೊದಲು ಮಲಗಿದವಳು ಅವಳೇ.