ವಾಟರ್, ವಾಸರ್ ಮತ್ತು ಪರಮಣ್ಣನ ಗೋಡೆ

ಗೋಡೆ ಕಟ್ಟುವ ನಮ್ಮ ಗವಂಡಿ ಪರಮಣ್ಣನಿಗೆ ಒಂದು ಚಟವಿದೆ. ಕುಡಿತವಲ್ಲ, ಇಸ್ಪೀಟಲ್ಲ. ಯಾರೇ ಎದುರಿಗೆ ಬಂದರೂ "ಯಾವೂರ್ರಿ? ಯಾರ ಪೈಕಿರಿ?" ಎಂದು ಶುರುಮಾಡಿ, ಚಹಾ ಆರುವುದರೊಳಗೆ ಅವರನ್ನು ಯಾವುದೋ ಸೋದರತ್ತೆಯ ಮೈದುನನ ಅಳಿಯ ಮಾಡಿಬಿಡುತ್ತಾನೆ. ಗೋವಾದ ಚಿಂಬಲ್‌ನ ನಮ್ಮ ಓಣಿಯಲ್ಲಿ ಅವನಿಗೆ ಬಳಗವಾಗದ ಮನೆಯೇ ಇಲ್ಲ. ಬಳಗದಿಂದ ಹೊರಗಿರುವವನು ಒಬ್ಬನೇ, ಸ್ವಂತ ತಮ್ಮ ಶಂಕರಲಿಂಗ. ಕುಡಚಡೆಯಲ್ಲಿರುವ ಅವನೂ ಗವಂಡಿಯೇ. ಅಪ್ಪ ಬಿಟ್ಟುಹೋದ ಒಳಂಬ, ಅಂದರೆ ಗೋಡೆ ನೆಟ್ಟಗಿದೆಯೇ ಎಂದು ನೋಡುವ ದಾರದ ಗುಂಡು, ತನಗೇ ಬೇಕೆಂದು ಇಬ್ಬರೂ ಹಟ ಹಿಡಿದರು. ತಮ್ಮ ಅದನ್ನು ಎತ್ತಿಕೊಂಡು ಹೋದ. ಎರಡು ವರ್ಷದಿಂದ ಮಾತಿಲ್ಲ. ಒಂದು ಗುಂಡಿಗಾಗಿ! ಇಂಥವರಿಗೆ ಏನನ್ನಬೇಕು?

ನಾನು ಮಂಗಲಾ. ಪರಮಣ್ಣನ ಕೈಕೆಳಗೆ ಕಲ್ಲು, ಸಿಮೆಂಟಿನ ಮಾಲು ಹೊರುವವಳು. ಈ ಮೇ ತಿಂಗಳಲ್ಲಿ ಫೋಂಡಾದ ಹತ್ತಿರ ನಮಗೊಂದು ಕೆಲಸ ಸಿಕ್ಕಿತು. ಅಕ್ಕಪಕ್ಕದ ಎರಡು ಮನೆ. ಒಂದರಲ್ಲಿ ಜರ್ಮನಿಯ ಇಂಗೆ ಎಂಬ ಹೆಂಗಸು, ನಮ್ಮ ಬಾಯಲ್ಲಿ ಇಂಗವ್ವ. ಇನ್ನೊಂದರಲ್ಲಿ ಇಂಗ್ಲೆಂಡಿನ ಡೆರೆಕ್, ನಮಗೆ ದೇರಪ್ಪ. ಇಬ್ಬರ ನಡುವೆ ಒಂದು ಬೀದಿನಾಯಿ. ಅದು ಬೆಳಿಗ್ಗೆ ಅಲ್ಲಿ ತಿನ್ನುತ್ತದೆ, ಸಂಜೆ ಇಲ್ಲಿ ಮಲಗುತ್ತದೆ. ಅದು ನನ್ನದು, ಅಲ್ಲ ನನ್ನದು ಎಂದು ಕಿತ್ತಾಡಿ, ಮಾತುಬಿಟ್ಟು, ನಡುವೆ ಆಳೆತ್ತರದ ಗೋಡೆ ಕಟ್ಟಿಸಲು ಹೊರಟಿದ್ದರು. ನನಗಂತೂ ಖುಷಿಯೋ ಖುಷಿ. ಮಳೆ ಹಿಡಿದರೆ ನಮಗೆ ಕೆಲಸ ಸಿಗುವುದಿಲ್ಲ. ಅದಕ್ಕೆ ಮುಂಚೆ ಇದೊಂದು ತಿಂಗಳು ದುಡಿದರೆ ಮಳೆಗಾಲದಲ್ಲಿ ಒಲೆ ಉರಿಯುತ್ತದೆ. ಆ ನಾಯಿಗೆ ಮನಸ್ಸಿನಲ್ಲೇ ಕೈಮುಗಿದೆ.

ಗೋಡೆ ಮೊಣಕಾಲಿನವರೆಗೆ ಬಂದಿತ್ತು. ಆಗ ಎದ್ದಿತು ನೋಡಿ ಪರಮಣ್ಣನ ಚಟ. ಹದಿನೈದು ವರ್ಷ ಗೋವಾದ ಬಂಗಲೆಗಳಲ್ಲಿ ದುಡಿದು ಅವನಿಗೆ ಇಂಗ್ಲಿಷ್ ಬರುತ್ತದೆ, ಅವನದೇ ರೀತಿಯಲ್ಲಿ. ಈ ಕಡೆ ದೇರಪ್ಪ ನೀರು ಕೊಟ್ಟರೆ ಅದು ವಾಟರ್. ಆ ಕಡೆ ಇಂಗವ್ವನನ್ನು ನಿಮ್ಮ ಮಾತಿನಲ್ಲಿ ಇದಕ್ಕೇನು ಎಂದು ಕೇಳಿದರೆ ವಾಸರ್. ಪಾದ ಇಲ್ಲಿ ಫುಟ್, ಅಲ್ಲಿ ಫೂಸ್. ಬಿಸಿ ಇಲ್ಲಿ ಹಾಟ್, ಅಲ್ಲಿ ಹೈಸ್. ಮನೆ ಇಬ್ಬರಿಗೂ ಹೌಸೇ. ಇದನ್ನೆಲ್ಲ ಅಳತೆ ಬರೆಯುವ ಪೆನ್ಸಿಲ್ಲಿನಿಂದ ಗೋಡೆಯ ಕೆಂಪು ಚಿರೇಕಲ್ಲಿನ ಮೇಲೆ ಕನ್ನಡದಲ್ಲಿ ಬರೆದುಕೊಂಡ. ಮೂರನೆಯ ದಿನ ಮಾಲು ಬಳಿಯುವ ಕರಣಿ ಕೆಳಗಿಟ್ಟು ಕೂಗಿದ.

"ಮಂಗಲವ್ವಾ! ಇವರ ಮಾತು ಅಣ್ಣತಮ್ಮಂದಿರದ್ದು! ಆಸ್ತಿ ವಾಟ್ನಿ ಆದಾಗ ಒಬ್ಬ 'ಟ' ತಗೊಂಡಾನ, ಇನ್ನೊಬ್ಬ 'ಸ' ತಗೊಂಡಾನ. ಮನಿ ಮಾತ್ರ ಒಡದಿಲ್ಲ ನೋಡು, ಹೌಸ್ ಹಂಗ ಉಳದೈತಿ!"

"ಉಳೀಲಿ ಬಿಡು. ಮಾಲು ಒಣಗಾಕತ್ತೈತಿ, ಕಲ್ಲು ಇಡು."

"ಹೆಂಗ ಇಡ್ಲಿ? ಒಂದ ಮನಿತನದವ್ರ ನಡುವ ಗೋಡಿ ಏಳಬೇಕಂದ್ರ ಇಬ್ಬರೂ ಕೂಡಿ ಕಲ್ಲು ಮುಟ್ಟಬೇಕು, ಬೆಲ್ಲ ತಿನ್ನಬೇಕು. ನಮ್ಮಪ್ಪ ಹಾಕಿಕೊಟ್ಟ ಪದ್ಧತಿ. ತಪ್ಪಿದ್ರ ಗೋಡಿ ನಿಲ್ಲೂದಿಲ್ಲ."

"ಯಾವ ಸೀಮಿ ಅಣ್ಣತಮ್ಮರೋ! ಒಬ್ಬಾಕಿ ಹೆಂಗಸು!"

"ಹೆಂಗಸಾದ್ರ ಅಕ್ಕ ಆಗ್ತಾಳ."

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೇನಿ, ಸುಮ್ಮನ ಕಟ್ಟು. ಮಳಿ ಬಂದ್ರ ಏನ್ ತಿನ್ನೂದು?"

ಕೇಳಬೇಕಲ್ಲ, ಮಹಾರಾಯ! ಎರಡೂ ಮನೆಯ ಬಾಗಿಲು ಬಡಿದು ಇಬ್ಬರನ್ನೂ ಕರೆತಂದ. ಅವರು ಮುಖ ಊದಿಸಿಕೊಂಡು ಗೋಡೆಯ ಆಚೀಚೆ ನಿಂತರು. ಪರಮಣ್ಣ ಊರ ಹಿರಿಯನ ಹಾಗೆ ಗಂಟಲು ಸರಿಮಾಡಿಕೊಂಡು, ನೀವಿಬ್ಬರೂ ಒಂದೇ ಮನೆತನ ಎಂದು ಇಂಗ್ಲಿಷಿನಲ್ಲಿ ಸಾರಿ, ಕಲ್ಲು ನೋಡುತ್ತ ಸಾಕ್ಷಿ ಓದತೊಡಗಿದ. ವಾಟರ್, ವಾಸರ್. ಫುಟ್, ಫೂಸ್. ಒಂದೊಂದಕ್ಕೂ ಕರಣಿಯಿಂದ ಕಲ್ಲಿಗೆ ಒಂದು ಏಟು. ದೇರಪ್ಪ ನಗಲಿಲ್ಲ. ನಾಯಿಯತ್ತ ಬೆರಳು ತೋರಿಸಿ, ಹಾಗಾದರೆ ಇದಕ್ಕೇನು ಎಂದ. ನಮ್ಮದು ಡಾಗ್ ಎಂದೂ ಸೇರಿಸಿದ.

ನಮ್ಮದು ಹುಂಟ್ ಎಂದಳು ಇಂಗವ್ವ. ಜೋಡಿಯಾಗಲಿಲ್ಲ. ಪರಮಣ್ಣನ ಮುಖ ಬಾಡಿತು. ನನ್ನ ಜೀವ ತಂಪಾಯಿತು. ಸದ್ಯ, ಗೋಡೆ ಉಳಿಯಿತು ಎಂದುಕೊಂಡೆ.

ಆದರೆ ದೇರಪ್ಪ ತಲೆ ಕೆರೆದುಕೊಂಡು, ನಮ್ಮಲ್ಲಿಯೂ ಹೌಂಡ್ ಎನ್ನುವುದುಂಟು, ಹಳೆಯ ಮಾತು ಎಂದ. ಹೌಂಡ್, ಹುಂಟ್! ಇಂಗವ್ವ ಬಿದ್ದುಬಿದ್ದು ನಕ್ಕಳು. ದೇರಪ್ಪನೂ ನಕ್ಕ. ಇಬ್ಬರೂ ಗೋಡೆಯ ಮೇಲೆ ಕುಳಿತು ಮಿಲ್ಕ್, ಮಿಲ್ಶ್, ಬ್ರದರ್, ಬ್ರೂಡರ್ ಎಂದು ತಾವೇ ಶುರುಮಾಡಿದರು. ಒಂದು ಪುಟ್ಟಿ ಮಾಲು ಗಟ್ಟಿಯಾಗಿ ಹೋಯಿತು, ಕೇಳುವವರಿಲ್ಲ. ಪರಮಣ್ಣ ಜೇಬಿನಿಂದ ಬೆಲ್ಲ ತೆಗೆದು ಹಂಚಿದ. ನಾಯಿಗೂ ಸಿಕ್ಕಿತು.

ಕೊನೆಗೆ ಇಂಗವ್ವ, ಗೋಡೆ ಬೇಡ, ಇಷ್ಟೇ ಸಾಕು, ಕೂರಲು ಕಟ್ಟೆ ಮಾಡಿಕೊಡಿ ಎಂದಳು. ಎಂದರೆ ಇನ್ನು ಎರಡೇ ದಿನದ ಕೆಲಸ.

ಪರಮಣ್ಣನ ಹಲ್ಲು ಮುಚ್ಚಲೊಲ್ಲದು. ನನಗೆ ಮೈಯೆಲ್ಲ ಉರಿಯಿತು. ಪುಟ್ಟಿ ನೆಲಕ್ಕೆ ಕುಕ್ಕಿ ಫೋನ್ ತೆಗೆದೆ. ಶಂಕರಲಿಂಗನಿಗೆ ಕುಡಚಡೆಯಲ್ಲಿ ದೊಡ್ಡ ಗೋದಾಮಿನ ಕೆಲಸ ಸಿಕ್ಕಿದೆ, ಮಳೆಯಲ್ಲೂ ಒಳಗೋಡೆಗೆ ಗಿಲಾವು ಬಳಿಯುವ ಕೆಲಸ ನಡೆಯುತ್ತದೆ, ಗವಂಡಿ ಸಾಲುತ್ತಿಲ್ಲ ಎಂಬುದು ಇಡೀ ಚಿಂಬಲ್‌ಗೆ ಗೊತ್ತು. ಅವನಿಗೇ ಹಚ್ಚಿದೆ.

"ಊರ ಮಂದಿಗೆಲ್ಲ ಕಲ್ಲು ಮುಟ್ಟಸ್ತಿ, ನಿನಗ್ಯಾರು ಮುಟ್ಟಸ್ಬೇಕು? ಹಿಡಿ, ಮಾತಾಡು!" ಎಂದು ಸ್ಪೀಕರ್ ಹಾಕಿ ಫೋನನ್ನು ಪರಮಣ್ಣನ ಬಾಯಿಗೆ ಹಿಡಿದೆ.

ಗಾಬರಿಯಲ್ಲಿ ಅವನಿಂದ ಹೊರಟದ್ದು ಅದೇ ಹಳೆಯ ಚಟ. "ಯಾರ್ರಿ? ಯಾರ ಪೈಕಿರಿ?"

"ನಿನ್ನ ಪೈಕಿನ ಅದೇನಿ ಅಣ್ಣಾ," ಎಂದ ಶಂಕರಲಿಂಗ. "ಮತ್ಯಾರ ಪೈಕಿ ಇರ್ಲಿ?"

ನನಗೆ ಅಳುವೇ ಬಂತು, ಸುಳ್ಳೇಕೆ ಹೇಳಲಿ. ಪರಮಣ್ಣ ಕೆಮ್ಮಿ, ಮೂಗೊರೆಸಿಕೊಂಡು, "ಎರಡ ದಿನ ಬಿಟ್ಟು ಬರ್ತೇನಿ. ಮಂಗಲವ್ವನ್ನೂ ಕರಕೊಂಡು," ಎಂದ.

"ಬಾ. ಆದ್ರ ಒಳಂಬ ಮಾತ್ರ ಕೇಳಬ್ಯಾಡ."

ಪರಮಣ್ಣ ಕಟ್ಟೆಯ ಕಡೆ ನೋಡಿದ. ಅಲ್ಲಿ ನಾಯಿ ಆಚೆ ಅರ್ಧ, ಈಚೆ ಅರ್ಧ ಕಾಲುಚಾಚಿ ಮಲಗಿತ್ತು.

"ಮುಂಜಾನಿ ನಿನ್ನ ಕಡೆ ಇರ್ಲಿ," ಎಂದ. "ಸಂಜೀಕ ನನಗ ಕೊಡು."