ಹಗ್ಗದ ಮೇಲಿನ ಕಂದು ಚುಕ್ಕೆಗಳು

ನಾನು ಚಿಕ್ಕವಳಿದ್ದಾಗ ಜೋಗೇಶ್ವರಿಯ ಚಾಳೊಂದರಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಬಾಗಿಲ ಪಕ್ಕದ ಮೂಲೆಯೇ ಅಪ್ಪನ ಕಾರ್ಖಾನೆ. ಹೋಟೆಲುಗಳ ಚೂರಿ, ಬಡಗಿಗಳ ಉಳಿ ಎಲ್ಲ ಅಲ್ಲಿಗೆ ಸಾಣೆಗೆ ಬರುತ್ತಿದ್ದವು. ಸಾಣೆ ಯಂತ್ರ ತಿರುಗಿದರೆ ಕಿಡಿ ಹಾರುತ್ತಿತ್ತು. ಸುಟ್ಟ ಕಬ್ಬಿಣದ ವಾಸನೆ ಅಮ್ಮನ ಒಗ್ಗರಣೆಯನ್ನೂ ಮೀರುತ್ತಿತ್ತು. ಆರಿದ ಕಿಡಿ ಎಲ್ಲಿಗೆ ಹೋಗುತ್ತದೆಂದು ನಾವು ಯಾರೂ ಯೋಚಿಸಿರಲಿಲ್ಲ.

ಆ ಮಳೆಗಾಲ ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಕೋಣೆಯ ಇನ್ನೊಂದು ತುದಿಯಲ್ಲಿ ಸೀರೆಯ ತೊಟ್ಟಿಲು. ಯಂತ್ರ ತಿರುಗುವಾಗ ಅಕ್ಕ ಮಗುವನ್ನೆತ್ತಿಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದಳು. ಕೆಲಸ ಮುಗಿದ ಮೇಲೆ ಅಪ್ಪ ಪೊರಕೆಯಿಂದ ಚೊಕ್ಕವಾಗಿ ಗುಡಿಸಿ, ಕೈ ತೊಳೆದು, ಮಗುವನ್ನು ಎದೆಗೊರಗಿಸಿಕೊಳ್ಳುತ್ತಿದ್ದರು. ಅಷ್ಟು ಸಾಕೆಂದುಕೊಂಡಿದ್ದರು.

ಮಗುವಿನ ಬಟ್ಟೆ ಒಣಹಾಕುವುದು ನನ್ನ ಪಾಲಿನ ಕೆಲಸ. ಒಂದು ಬೆಳಿಗ್ಗೆ ನೋಡಿದರೆ, ತೊಟ್ಟಿಲ ಮೇಲಿನ ಹಗ್ಗಕ್ಕೆ ಹಾಕಿದ್ದ ಒದ್ದೆ ಬಟ್ಟೆಗಳ ತುಂಬ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು.

“ತಂತಿ ಮೇಲೆ ಹಾಕ್ಬೇಡ ಅಂತ ಎಷ್ಟು ಸಲ ಹೇಳೂದು ನಿಂಗೆ? ತುಕ್ಕು ಹಿಡ್ದಿದೆ ನೋಡು,” ಎಂದು ಅಮ್ಮ ಗದರಿದಳು.

“ತಂತಿ ಎಲ್ಲುಂಟಮ್ಮ? ಇದು ನೂಲಿನ ಹಗ್ಗ!” ಎಂದೆ.

ಅಕ್ಕ ನಕ್ಕಳು. “ಅಪ್ಪ, ಮೊಮ್ಮಗನಿಗೆ ಈಗ್ಲೇ ಕಬ್ಬಿಣದ ಟಾನಿಕ್ ಶುರು ಮಾಡಿದ್ರಾ ಎಂತ?”

ಅಪ್ಪ ನಗಲಿಲ್ಲ. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಕಿಟಕಿಯ ದಂಡೆಯ ಮೇಲೆ ಎಳೆದರು. ಕಾಗದಕ್ಕೆ ಕಬ್ಬಿಣದ ಹುಡಿಯ ಕಪ್ಪು ಮೀಸೆ ಮೂಡಿತು. ತೊಟ್ಟಿಲಿನ ಗಂಟಿನ ಮೇಲೆ ಎಳೆದರು, ಅಲ್ಲೂ ಮೂಡಿತು. ಕೊನೆಗೆ ತಾವು ತೊಟ್ಟಿದ್ದ ಅಂಗಿಯ ಮೇಲೆ, ಮಗು ಕೆನ್ನೆಯಿಟ್ಟು ಮಲಗುವ ಜಾಗದಲ್ಲಿ ಎಳೆದರು. ಅಲ್ಲಿ ಎಲ್ಲಕ್ಕಿಂತ ದಟ್ಟವಾಗಿತ್ತು.

“ನಾನೇ ಇದನ್ನ ಮಗುವಿನ ಉಸಿರಿಗೆ ತಂದು ಕೊಡ್ತಿದ್ದೆ,” ಎಂದರು.

ಡಾಕ್ಟರು ಮಗುವಿನ ಎದೆ ಪರೀಕ್ಷಿಸಿ ಏನೂ ಆಗಿಲ್ಲ ಎಂದರು. ಆದರೂ ಅಂದೇ ಯಂತ್ರ ಚಾಳಿನ ಹಿಂದಿನ ತಗಡಿನ ಶೆಡ್ಡಿಗೆ ಹೋಯಿತು. ಗುಡಿಸಿದರೆ ಹುಡಿ ಏಳುತ್ತದೆಂದು ಒದ್ದೆ ಬಟ್ಟೆಯಿಂದ ಒರೆಸುವುದಾಯಿತು. ಕೆಲಸದ ಅಂಗಿ ಶೆಡ್ಡಿನಲ್ಲೇ ಉಳಿಯಿತು. ಮಿಂದ ಮೇಲಷ್ಟೇ ಮಗುವನ್ನು ಮುಟ್ಟುವುದು ಎಂದು ಅಪ್ಪ ತೀರ್ಮಾನಿಸಿದರು.

ಮೊದಲ ದಿನವೇ ಚಾಳಿನ ನಲ್ಲಿ ಒಣಗಿತ್ತು. ಒಳಗೆ ಮಗು ಅಳುತ್ತಿತ್ತು.

“ಕೈ ತೊಳ್ಕೊಂಡ್ರೆ ಸಾಕು, ಬನ್ನಿ ಮಾರಾಯ್ರೆ,” ಎಂದಳು ಅಮ್ಮ.

“ನೀರು ಬರ್ಲಿ,” ಎಂದು ಅಪ್ಪ ಬಾಗಿಲಾಚೆಯೇ ನಿಂತರು. ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಅಲ್ಲಿಂದಲೇ ಹಕ್ಕಿಯ ಹಾಗೆ ಸಿಳ್ಳೆ ಹಾಕುತ್ತಾ ಸಂಜೆಯವರೆಗೂ ಕಾದರು.

ಮಕ್ಕಳೇ, ನಿಮ್ಮ ಮನೆಯಲ್ಲಿ ಧೂಳು ಹೀರುವ ಯಂತ್ರವಿದೆ, ನಲ್ಲಿ ತಿರುಗಿಸಿದಾಗಲೆಲ್ಲ ನೀರು ಬರುತ್ತದೆ. ನಿಮ್ಮಪ್ಪ ಆಫೀಸಿನಿಂದ ಬಂದ ಕೂಡಲೇ ನೀವು ಬಾಗಿಲಲ್ಲೇ ಅವನ ಕುತ್ತಿಗೆಗೆ ಜೋತುಬೀಳುತ್ತೀರಿ. ಅಕ್ಕನ ಮಗ ಮೊದಲ ಸಲ ನಕ್ಕದ್ದು, ಹೊಸ್ತಿಲಾಚೆ ನಿಂತು ನೀರಿಗಾಗಿ ಕಾಯುತ್ತಿದ್ದ ತನ್ನ ಅಜ್ಜನನ್ನು ನೋಡಿ.