ಶುಕ್ರವಾರ ಮುಗಿದ ವಾರಂಟಿ

ಸ್ವಲ್ಪ ತಡೆಯಿರಿ, ಕಿವಿ ಮಿಷನ್ನಿನ ಜಗಳಕ್ಕೆ ಬಂದೇ ಬರುತ್ತೇನೆ. ಅದಕ್ಕೂ ಮೊದಲು ನೀವು ದೊಡ್ಡವ್ವನ ಕುತ್ತಿಗೆ ನೋಡಬೇಕು. ಅಲ್ಲಿ ಎರಡು ನರ ಹುರಿಹಗ್ಗದಂತೆ ಸದಾ ಎದ್ದು ನಿಂತಿರುತ್ತಿದ್ದವು. ಎಳೆಯ ವಯಸ್ಸಿನಲ್ಲಿ ಜ್ವರ ಬಂದು ದೊಡ್ಡಪ್ಪನ ಕಿವಿ ಹೋಗಿತ್ತು. ಅವನಿಗೆ ಕೂಗಿ ಕೂಗಿ ಇವಳ ನರ ಹಾಗಾಗಿದ್ದವು.

ಮಸ್ಕಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಸಂಬಂಧದಲ್ಲಿ ಏನೂ ಅಲ್ಲ, ಆದರೂ ನಮಗೆ ದೊಡ್ಡವ್ವ. ಗಂಡನ ಜೊತೆ ಗುಟ್ಟಿನ ಮಾತಿದ್ದರೆ ಅವನನ್ನು ಊರ ಹೊರಗಿನ ಗುಡ್ಡದ ಬುಡಕ್ಕೆ ಕರೆದೊಯ್ಯುತ್ತಿದ್ದಳು. "ಓಣ್ಯಾಗ ಹೇಳಿದ್ರ ಡಂಗುರ ಸಾರಿದಂಗ ಆಕ್ಕೈತಿ" ಅನ್ನುತ್ತಿದ್ದಳು.

ತೊಂಬತ್ತರ ದಶಕದ ನಡುವಿನ ವರ್ಷಗಳು. ದೊಡ್ಡಪ್ಪ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಗೇಟು ಕಾಯುತ್ತಿದ್ದ. ಹಿಂದಕ್ಕೆ ಬರುವ ಲಾರಿಯ ಸದ್ದು ಕೇಳಿಸದೆ ಒಮ್ಮೆ ಗಾಲಿಯ ಕೆಳಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಗಿರಣಿ ಮಾಲೀಕ "ಕಿವಿಗೆ ಏನರ ಮಾಡ್ಕೊ, ಇಲ್ಲಂದ್ರ ಬರಬ್ಯಾಡ" ಅಂದ. ಆಗ ಗಂಡ ಹೆಂಡತಿ ಹೋಗಿ ಸಿಂಧನೂರಿನ ಒಂದು ಕನ್ನಡಕದ ಅಂಗಡಿಯಿಂದ ಕಿವಿ ಮಿಷನ್ ತಂದರು. ಅಂಗಿಯ ಜೇಬಿನಲ್ಲಿ ಸದ್ದು ಹಿಡಿಯುವ ಪುಟ್ಟ ಡಬ್ಬಿ, ಅದರಿಂದ ಕಿವಿಗೆ ವೈರು. ವಾರಂಟಿ ಒಂದು ವರ್ಷ.

ವರ್ಷ ತುಂಬುವ ಮುನ್ನಾದಿನ, ಗುರುವಾರ ಸಂಜೆ, ಡಬ್ಬಿ ಸತ್ತಿತು.

ನಾನಾಗ ಲಿಂಗಸುಗೂರಿನಲ್ಲಿ ಕಾಲೇಜು ಓದುತ್ತಾ, ಯಾರೂ ಕಲಿಸದೆ ರೇಡಿಯೋ ಬಿಚ್ಚಿ ಜೋಡಿಸುವುದನ್ನು ಕಲಿತವನು. ಹೊಸ ಸೆಲ್ ಹಾಕಿ ನೋಡಿದೆ, ವೈರು ಬದಲಿಸಿ ನೋಡಿದೆ. ಸದ್ದಿಲ್ಲ. ಕೈ ತುರಿಸುತ್ತಿತ್ತು, ಸ್ಕ್ರೂ ಡ್ರೈವರ್ ತೆಗೆದೆ. ದೊಡ್ಡವ್ವ ಮಣಿಕಟ್ಟು ಹಿಡಿದಳು.

"ಬಿಚ್ಚಬ್ಯಾಡ ತಮ್ಮಾ. ನೀ ಬಿಚ್ಚಿದಿ ಅಂದ್ರ ನೀನ ಕೆಡಿಸಿದಿ ಅಂತಾನ ಅಂಗಡ್ಯಾಂವ."

"ಹಂಗಾದ್ರ ನಾಳೆ ಮುಂಜಾನೆ ಹೋಗೂನು ದೊಡ್ಡವ್ವ. ನಾಳಿಗೆ ವಾರಂಟಿ ಮುಗೀತೈತಿ."

"ನಾಳೆ ಶುಕ್ರವಾರಲೋ. ಶುಕ್ರವಾರ ಮನ್ಯಾಗಿನ ಸಾಮಾನು ಹೊರಗ ಹಾಕಿದ್ರ ಲಕ್ಷ್ಮಿ ಅದರ ಹಿಂದ ಹೊಂಟು ಹೊಕ್ಕಾಳ."

ಎಷ್ಟು ಹೇಳಿದರೂ ಕೇಳಲಿಲ್ಲ. ಶುಕ್ರವಾರ ಇಡೀ ದಿನ ಆ ಡಬ್ಬಿ ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಗೋಡೆಯ ಈಚೆ ನಾನು ಹಲ್ಲು ಕಡಿಯುತ್ತಿದ್ದೆ. ದೊಡ್ಡಪ್ಪ ಗಿರಣಿಗೆ ರಜೆ ಹೇಳಿ ಕಳಿಸಿದ್ದ. ಸೋಮವಾರ ಕಿವಿ ಸಮೇತ ಹೋಗಲೇಬೇಕು, ಇಲ್ಲವಾದರೆ ಗೇಟಿಗೆ ಬೇರೆಯವನು ಬರುತ್ತಾನೆ.

ಶನಿವಾರ ಮೊದಲ ಬಸ್ಸಿಗೆ ಮೂವರೂ ಹೊರಟೆವು. ದಾರಿಯುದ್ದಕ್ಕೂ ದೊಡ್ಡಪ್ಪ ನಮ್ಮ ತುಟಿಗಳನ್ನೇ ನೋಡುತ್ತಿದ್ದ.

ಅಂಗಡಿಯವನು ವಾರಂಟಿ ಕಾರ್ಡು ನೋಡಿ ವಾಪಸ್ ಸರಿಸಿದ.

"ನಿನ್ನೆಗೆ ಮುಗದೈತಿ ಯವ್ವಾ. ರಿಪೇರಿ ಖರ್ಚು ನಿಮ್ದು. ಅದೂ ಕಂಪನಿಗೆ ಹೋಗಿ ಬರಬೇಕು."

"ಗುರುವಾರ ಕೆಟ್ಟೈತ್ರಿ," ಅಂದೆ ನಾನು. "ವಾರಂಟಿ ಒಳಗ."

"ಯಾರು ನೋಡ್ಯಾರ?"

ಪೇಪರಿನಲ್ಲಿ ಓದಿದ್ದೆಲ್ಲ ನನ್ನ ಬಾಯಿಗೆ ಬಂತು. ತಯಾರಿಕೆಯಲ್ಲೇ ದೋಷವಿದ್ದರೆ ವಾರಂಟಿ ಮುಗಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ, ರಾಯಚೂರಿನಲ್ಲಿ ಗ್ರಾಹಕರ ಕೋರ್ಟಿದೆ ಅಂದೆ. ಅವನು ನಕ್ಕ.

"ಹೋಗ್ರಿ, ಯಾರು ಬ್ಯಾಡಂದಾರ. ಈ ಸೋಮವಾರಕ್ಕ ತೀರ್ಪು ಕೊಡ್ತಾರೇನು ಕೇಳ್ರಿ."

ದೊಡ್ಡಪ್ಪನಿಗೆ ಮಾತು ಕೇಳಿಸಲಿಲ್ಲ, ನಗು ಕಾಣಿಸಿತು. ಎದ್ದು ಬಾಗಿಲ ಕಡೆ ಹೊರಟ. ದೊಡ್ಡವ್ವ ಅವನ ಧೋತರದ ಚುಂಗು ಹಿಡಿದು ಕೂಡಿಸಿದಳು. ಆಮೇಲೆ ದನಿ ಏರಿಸದೆ ಕೇಳಿದಳು:

"ಸಾವ್ಕಾರ್ರ, ನಿನ್ನೆ ತಂದಿದ್ರ ತಗೋತಿದ್ರೇನು?"

"ಯಾಕ ತಗೋತಿದ್ದಿಲ್ಲ? ತಗೋಬೇಕಾಕ್ಕಿತ್ತು."

"ಶುಕ್ರವಾರ? ಕೆಟ್ಟ ಸಾಮಾನು, ಗಲ್ಲಾದ ಮುಂದ?"

ಅವನು ಗಾಜಿನ ಕಪಾಟು ಒರೆಸತೊಡಗಿದ. ಬೆಂಚಿನ ಮೇಲೆ ಮುರಿದ ಕನ್ನಡಕ ಹಿಡಿದು ಕೂತಿದ್ದ ಮುದುಕನೊಬ್ಬ ಗೊಳ್ಳನೆ ನಕ್ಕ.

"ಹೇಳಪಾ ಸಾವ್ಕಾರ. ಈ ಚಾಳೀಸು ನಿನ್ನೆ ಯಾಕ ಮುಟ್ಟಲಿಲ್ಲ? ಲಕ್ಷ್ಮೀ ವಾರ ಮುರದದ್ದು ಒಳಗ ತರಬ್ಯಾಡ ಅಂದಿ. ನಾ ತಡವರಿಸಿಕೊಂತ ಮನಿಗೆ ಹೋಗಿ, ಇವತ್ತು ತಡವರಿಸಿಕೊಂತ ಬಂದೀನಿ."

"ನಿಮ್ಮ ಲಕ್ಷ್ಮಿ ಬ್ಯಾರೆ, ನಮ್ಮ ಲಕ್ಷ್ಮಿ ಬ್ಯಾರೆ ಅಲ್ಲಲ್ಲ," ಅಂದಳು ದೊಡ್ಡವ್ವ. "ಶುಕ್ರವಾರ ನಾ ಕಳಸಂಗಿಲ್ಲ, ನೀವು ತಗೊಳಂಗಿಲ್ಲ. ಅಂದ್ರ ಆ ದಿನ ಇಬ್ಬರ ಲೆಕ್ಕಕ್ಕೂ ಇಲ್ಲ. ವಾರಂಟಿ ಇವತ್ತಿಗೆ ಮುಗೀತೈತಿ."

ಅವನು ಡಬ್ಬಿ ತೆಗೆದುಕೊಂಡು ಅದರ ಸೀಲು ನೋಡಿದ. ಯಾರೂ ಬಿಚ್ಚಿರಲಿಲ್ಲ.

"ಇಟ್ಟು ಹೋಗ್ರಿ. ಕಂಪನಿಗೆ ಕಳಸ್ತೀನಿ."

"ಇಟ್ಟು ಹೊಕ್ಕೀನಿ. ಸೋಮವಾರಕ್ಕ ಇವರ ಕಿವಿ?"

ಕೊನೆಗೆ ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಹಳೆಯ ಮಿಷನ್ನನ್ನು ರಿಪೇರಿಯಾಗಿ ಬರುವವರೆಗೆ ಬಳಸಲು ಕೊಟ್ಟ. ಕೆಟ್ಟದ್ದನ್ನು ಯಾವ ದಿನ ತೆಗೆದುಕೊಂಡೆ ಅಂತ ಬರೆದು ಸಹಿ ಹಾಕುವ ತನಕ ದೊಡ್ಡವ್ವ ಏಳಲಿಲ್ಲ. ದೊಡ್ಡಪ್ಪ ವೈರು ಸಿಕ್ಕಿಸಿಕೊಂಡ ಮೇಲೆ, "ಏಳ್ರಿ, ಬಸ್ಸು ತಪ್ಪತೈತಿ" ಅಂದಳು, ಅಭ್ಯಾಸದ ಜೋರಿನಲ್ಲೇ.

"ಯಾಕ ಒದರ್ತಿ?" ಅಂದ ಅವನು.

ಒಳಗಿನ ಬೆಸುಗೆ ಮೊದಲಿಂದಲೂ ಸರಿಯಾಗಿ ಕೂತಿರಲಿಲ್ಲವಂತೆ. ಕಂಪನಿಯವರು ಸರಿ ಮಾಡಿ ಕಳಿಸಿದರು, ದುಡ್ಡು ಕೇಳಲಿಲ್ಲ. ಆಮೇಲೆ ನಾನು ಯಾರ ಯಾರದೋ ಟಿವಿ, ಟೇಪ್ ರೆಕಾರ್ಡರ್ ಹಿಡಿದು ಅಂಗಡಿಗಳ ಮುಂದೆ ನಿಂತಿದ್ದೇನೆ. ಕಾನೂನು ಓದಿಕೊಂಡೇ ಹೋಗುತ್ತೇನೆ. ಆದರೆ ಕಾನೂನು ತೆಗೆಯುವ ಮೊದಲು ಎದುರಿನವನ ರೂಢಿ ಏನೆಂದು ಕೇಳುವುದು ದೊಡ್ಡವ್ವ ಕೊಟ್ಟ ವಿದ್ಯೆ.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಾ ಕೂತಲ್ಲೇ ಒರಗಿದಳು, ಮತ್ತೆ ಏಳಲಿಲ್ಲ. ಗಿರಣಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎಸ್‌ಟಿಡಿ ಬೂತಿನಲ್ಲಿ ನಿಂತು, ಬೇರೆ ಯಾರಾದರೂ ಎತ್ತಲಿ ಅಂದುಕೊಂಡೆ. ದೊಡ್ಡಪ್ಪನೇ ಎತ್ತಿದ. ಅವನು ರಿಸೀವರನ್ನು ಕಿವಿಗೆ ಹಿಡಿಯುತ್ತಿರಲಿಲ್ಲ, ಜೇಬಿನ ಡಬ್ಬಿಗೆ, ಎದೆಗೆ ಒತ್ತಿ ಹಿಡಿಯುತ್ತಿದ್ದ. ನಾನು ಮೆಲ್ಲಗೆ ಹೇಳಿದೆ. ಎರಡನೇ ಸಲ ಹೇಳಬೇಕಾಗಲಿಲ್ಲ.

ಗಡುವು ಮುಗಿಯಿತು ಅಂದಾಗಲೂ ಬೆಂಚು ಬಿಟ್ಟೇಳದ ಇಂಥವರು ನಿಮ್ಮ ಊರಿನಲ್ಲೂ ಇದ್ದಿರಬೇಕು. ಅವರು ಏನು ಕೇಳಿದರು, ಅಂಗಡಿಯವನು ಏನಂದ, ನನಗೂ ಬರೆದು ತಿಳಿಸಿ.